ಗಾಜಿನಂಗಡಿಯ ಚಿಮಟ

ನಮ್ಮ ಬೀದಿಯಲ್ಲಿ ಕೈ ಕೊಯ್ದುಕೊಳ್ಳದವರು ಯಾರೂ ಇಲ್ಲ. ಇದು ಕೆಲಸದವರ ಬೀದಿ. ಒಂದು ಕಡೆ ಮರಗೆಲಸದವನು, ಅವನ ಎದುರಿಗೆ ತಗಡಿನ ಡಬ್ಬ ಮಾಡುವವನು, ನಡುವೆ ಹೊಲಿಗೆ ಮೆಷಿನ್ ಇಟ್ಟುಕೊಂಡ ನಾನು, ನನ್ನ ಗೋಡೆಗೆ ಅಂಟಿಕೊಂಡಂತೆ ಗಾಜಿನಂಗಡಿ. ರಕ್ತ ಕಂಡರೆ ಗಾಬರಿಯಾಗುವ ಜನ ನಾವಲ್ಲ. ಒಬ್ಬೊಬ್ಬರದು ಒಂದೊಂದು ಔಷಧಿ. ಮರಗೆಲಸದವನು ಗಾಯದ ಮೇಲೆ ಮರದ ಪುಡಿ ಉದುರಿಸುತ್ತಾನೆ. ತಗಡಿನವನು ಸೀಮೆಎಣ್ಣೆ ಸುರಿದುಕೊಂಡು ಹಲ್ಲು ಕಚ್ಚುತ್ತಾನೆ. ನಾನು ಸೂಜಿ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ಕೆಲಸ ಮುಂದುವರಿಸುತ್ತೇನೆ. ಗಾಜಿನಂಗಡಿಯವರು ಕಿಟಕಿಗೆ ಗಾಜು ಕೂರಿಸುವ ಪುಟ್ಟಿಯ ಬಿಳಿ ಪುಡಿಯನ್ನೇ ಮೆತ್ತಿಕೊಳ್ಳುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದು ಬಂತು. ನಡೆಯದೇ ಹೋದ ದಿನದ ಕಥೆಯನ್ನು ಈಗ ಹೇಳುತ್ತೇನೆ. ಸಂತೋಷದ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಗಾಜಿನಂಗಡಿ ಅಣ್ಣತಮ್ಮಂದಿರದು. ಬೀದಿಯವರು ಅಣ್ಣನನ್ನು ದೊಡ್ಡಗಾಜು ಅಂತಲೂ ತಮ್ಮನನ್ನು ಚಿಕ್ಕಗಾಜು ಅಂತಲೂ ಕರೆಯುತ್ತಿದ್ದರು. ಅವರ ಸ್ವಂತ ಹೆಸರು ಅವರಿಗೇ ಮರೆತುಹೋಗಿತ್ತೇನೋ. ಅಣ್ಣನಿಗೆ ಹೆಂಡತಿ, ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳು. ತಮ್ಮನಿಗೆ ಮದುವೆಯಿಲ್ಲ. ಅಂಗಡಿ ಮುಂದೆ, ಮನೆ ಹಿಂದೆ. ಅಣ್ಣ ಗಾಜು ಕತ್ತರಿಸಿದರೆ ತಮ್ಮ ತಿರುಗುವ ಕಲ್ಲಿಗೆ ಹಿಡಿದು ಅಂಚು ಉಜ್ಜುತ್ತಿದ್ದ. ಆ ಕಲ್ಲಿನ ಕರ್ರ್ ಸದ್ದು ನಮ್ಮ ನಡುವಿನ ಮರದ ಹಲಗೆಯ ಗೋಡೆ ದಾಟಿ ದಿನವಿಡೀ ನನ್ನ ಕಿವಿಗೆ ಬೀಳುತ್ತಿತ್ತು. ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ಅದು ನಿಂತರೇ ಏನೋ ಕಳೆದುಕೊಂಡ ಹಾಗೆ.

ಅವರ ಕತ್ತರಿಸುವ ಮೇಜಿನ ಪಕ್ಕ, ಗೋಡೆಯ ಮೊಳೆಗೆ, ಹುರಿಯಲ್ಲಿ ಒಂದು ಚಿಮಟ ನೇತಾಡುತ್ತಿತ್ತು. ಅವರಪ್ಪನ ಕಾಲದ್ದು, ಹಿಡಿದು ಹಿಡಿದು ಕಪ್ಪಾಗಿತ್ತು. ಗಾಜಿನ ಕೆಲಸದವರ ಕೈಗೆ ದಿನಕ್ಕೆ ಹತ್ತಾರು ಸಲ ಚೂರು ಚುಚ್ಚುತ್ತದೆ. ಚುಚ್ಚಿದ ಕೂಡಲೇ ಕೈ ತಾನಾಗಿಯೇ ಚಿಮಟಕ್ಕೆ ಹೋಗುತ್ತದೆ, ಚೂರು ಹೊರಗೆ ಬರುತ್ತದೆ, ಕೆಲಸ ನಿಲ್ಲುವುದೇ ಇಲ್ಲ. ಮಾತಾಡುತ್ತಾ ಕೀಳುತ್ತಾರೆ, ನಗುತ್ತಾ ಕೀಳುತ್ತಾರೆ. "ಗಾಜು ಮೈಯಲ್ಲಿ ಒಂದು ಗಳಿಗೆನೂ ಇರಬಾರ್ದು, ಒಳಗೆ ಹರಿದುಕೊಂಡು ಹೋಗುತ್ತೆ" ಅಂತ ದೊಡ್ಡಗಾಜು ಹೇಳುತ್ತಿದ್ದ. ತಮ್ಮನಿಗೆ ಕೆಲಸ ಕಲಿಸುವಾಗ ಗಾಜು ಕತ್ತರಿಸುವುದಕ್ಕೂ ಮೊದಲು ಅವನು ಕಲಿಸಿದ್ದು ಚಿಮಟ ಹಿಡಿಯುವುದನ್ನು.

ಹೋದ ವರ್ಷ ಒಂದು ದಿನ, ಯಾವುದೋ ಅಂಗಡಿಯ ಮುಂಭಾಗಕ್ಕೆಂದು ತಂದ ಆಳೆತ್ತರದ ಗಾಜು ಸ್ಟ್ಯಾಂಡಿನಿಂದ ಜಾರಿತು. ದೊಡ್ಡಗಾಜು ಅದನ್ನು ಹಿಡಿಯಲು ಹೋದ. ಬೀಳುವ ಗಾಜನ್ನು ಹಿಡಿಯಬಾರದು ಅಂತ ಊರಿಗೆಲ್ಲ ಹೇಳುತ್ತಿದ್ದವನು ತಾನೇ ಹಿಡಿಯಲು ಹೋದ. ಗಾಜು ಒಡೆದು, ಅಂಗೈ ಉದ್ದದ ಒಂದು ಚೂರು ಅವನ ತೊಡೆಯಲ್ಲಿ ನಾಟಿ ನಿಂತಿತು. ಆಗ ಅಲ್ಲಿದ್ದವರು ಅವನು, ಅವನ ಹೆಂಡತಿ, ಅವನ ತಮ್ಮ, ಮೂರೇ ಜನ. ಚಿಕ್ಕಗಾಜು ಆ ಚೂರನ್ನು ಕಿತ್ತ.

ನಾನು ಹೊಲಿದ ಬಟ್ಟೆ ಕೊಟ್ಟು ವಾಪಸು ಬರುವಷ್ಟರಲ್ಲಿ ಆಟೋ ಹೊರಟುಹೋಗಿತ್ತು. ಅಂಗಡಿಯ ನೆಲ ನೋಡಿದೆ. ಒಂದು ಕಡೆ ಪುಟ್ಟಿ ಪುಡಿಯ ಡಬ್ಬ ಮಗುಚಿ ಬಿದ್ದಿತ್ತು. ಪುಡಿಯೆಲ್ಲ ಕೆಂಪು ಮುದ್ದೆಯಾಗಿತ್ತು. ಅರ್ಧ ಕುಡಿದ ನೀರಿನ ಲೋಟ ಇತ್ತು. ಒಂದು ಟವೆಲ್, ಅದರ ಪಕ್ಕ ಇನ್ನೊಂದು, ಮತ್ತೊಂದು, ಒತ್ತಿ ನೋಡಿ, ಎತ್ತಿ ನೋಡಿ, ಬಿಸಾಡಿದ ಹಾಗೆ ಬಿದ್ದಿದ್ದವು. ದೊಡ್ಡಗಾಜು ಆಸ್ಪತ್ರೆ ಮುಟ್ಟಲಿಲ್ಲ.

ಆಮೇಲೆ ಆ ಮನೆಯಲ್ಲಿ ಯಾರೂ ಆ ದಿನದ ಮಾತೆತ್ತಲಿಲ್ಲ. ದೊಡ್ಡಗಾಜುವಿನ ಹೆಂಡತಿ, ನಮಗೆಲ್ಲ ಅತ್ತಿಗೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಂಗಡಿಗೆ ಇಳಿದಳು. ಕನ್ನಡಿಗೆ ಕಟ್ಟು ಹಾಕುವುದನ್ನು ಕಲಿತಳು. ಮೈದುನ ಕತ್ತರಿಸುವ ಮೇಜಿಗೆ ಬಂದ, ಉಜ್ಜುವ ಕಲ್ಲನ್ನೂ ಅವನೇ ನೋಡಿಕೊಂಡ. ಮೊದಲೇ ಅವನ ಬಾಯಿಂದ ಮಾತು ಹೊರಡುವುದು ಕಡಿಮೆ. ಈಗ ಇನ್ನೂ ಕಡಿಮೆಯಾಯಿತು. ಚಿಮಟ ಮಾತ್ರ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು.

ಇಂಥ ಹೊತ್ತಿನಲ್ಲಿ ಆರೋಗ್ಯ ಕೇಂದ್ರಕ್ಕೆ ಹೊಸ ನರ್ಸಮ್ಮ ಬಂದಳು. ನಮ್ಮ ಮಹಿಳಾ ಸಂಘದವರನ್ನು ಕೂರಿಸಿಕೊಂಡು, ಗಾಯವಾಗಿ ರಕ್ತ ಸುರಿದರೆ ಆಸ್ಪತ್ರೆಗೆ ಹೋಗುವ ಮೊದಲು ಏನು ಮಾಡಬೇಕು ಅಂತ ತೋರಿಸಿಕೊಡುತ್ತೇನೆ ಅಂದಳು. ಜಾಗ ನನ್ನ ಹೊಲಿಗೆ ಕೋಣೆಯೇ. ಬೀದಿಯ ಗಂಡಸರೂ ಬರಲಿ, ಕೈ ಕೊಯ್ದುಕೊಳ್ಳುವವರು ಅವರೇ ತಾನೆ, ಅಂತ ನಾನೇ ಮನೆಮನೆಗೆ ಹೋಗಿ ಕರೆದೆ. ಚಿಕ್ಕಗಾಜುವಿನ ಹತ್ತಿರವೂ ಹೋದೆ.

"ಬರ್ತೀಯಾ ತಮ್ಮಾ? ಪಕ್ಕದಲ್ಲೇ ಇದೆ, ಎದ್ದು ಬಂದ್ರೆ ಆಯ್ತು" ಅಂದೆ.

ಅವನು ಕಲ್ಲು ನಿಲ್ಲಿಸಲಿಲ್ಲ. "ಕೆಲಸ ಇದೆ ಅಕ್ಕಾ."

"ಕೆಲಸ ಯಾರಿಗಿಲ್ಲ? ನಾನೇನು ಕಾಲು ಚಾಚಿ ಕೂತಿದ್ದೀನಾ?"

"ಗಾಜಿನವರಿಗೆ ಗಾಯದ ಪಾಠ ಯಾಕಕ್ಕಾ? ಹುಟ್ಟಿದಾಗಿಂದ ಇದೇ ನೋಡ್ತಿದ್ದೀವಿ. ಚೂರು ಚುಚ್ಚಿದ್ರೆ ಕೀಳ್ತೀವಿ, ಪುಡಿ ಹಚ್ತೀವಿ. ಅವರೇನು ಹೊಸದಾಗಿ ಹೇಳ್ತಾರೆ?"

"ಹೊಸದು ಇಲ್ದಿದ್ರೆ ಎದ್ದು ಬಾ. ನಿನ್ನ ಗಂಟೇನು ಹೋಗುತ್ತೆ?"

ಆಗ ಕಲ್ಲು ನಿಲ್ಲಿಸಿ ನನ್ನ ಮುಖ ನೋಡಿದ. "ಈಗ ಕಲಿತು ಏನು ಮಾಡ್ಲಿ ಅಕ್ಕಾ?" ಅಂದ. ಅಷ್ಟೇ. ನನಗೆ ಸಿಟ್ಟು ಬಂತು. ಮೊಂಡ ಅಂತ ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಅವನು ಯಾಕೆ ಬರಲೊಲ್ಲೆ ಅಂದ ಅನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಸರಿಯಾದ ದಾರಿ ಯಾವುದು ಅಂತ ತಿಳಿದರೆ ತಾನು ಹಿಡಿದ ದಾರಿ ಯಾವುದು ಅಂತಲೂ ತಿಳಿಯುತ್ತದಲ್ಲ, ಅದು ಅವನಿಗೆ ಬೇಕಿರಲಿಲ್ಲ.

ಪಾಠದ ದಿನ ಕೋಣೆ ತುಂಬಿತ್ತು. ಅತ್ತಿಗೆ ಬಾಗಿಲ ಹತ್ತಿರ ಕೂತಳು, ಮಗಳು ಮುಂದಿನ ಸಾಲಿನಲ್ಲಿ. ನರ್ಸಮ್ಮ ನನ್ನ ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ಉರುಳೆ ಇಟ್ಟು ಅದನ್ನೇ ಕೈ ಅಂತ ಮಾಡಿ ತೋರಿಸಿದಳು.

"ರಕ್ತ ನಿಲ್ಲಿಸೋಕೆ ಮೊದಲನೇ ಔಷಧಿ ನಿಮ್ಮ ಕೈಯೇ" ಅಂದಳು. "ಶುದ್ಧವಾದ ಬಟ್ಟೆ ಮಡಿಚಿ ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡೀರಿ. ಸುಮ್ನೆ ಮುಟ್ಟೋದಲ್ಲ, ಮೈಭಾರ ಹಾಕಿ ಒತ್ತಿ. ಹತ್ತು ನಿಮಿಷ ಬಿಡಬೇಡಿ."

ತಗಡಿನವನು ಹಿಂದಿನಿಂದ ಕೇಳಿದ, "ನಿಂತಿದೆಯೋ ಇಲ್ವೋ ಅಂತ ನಡುವೆ ಎತ್ತಿ ನೋಡಬಾರ್ದಾ ಸಿಸ್ಟರ್?"

"ಅದೇ ತಪ್ಪು ಅಣ್ಣಾ. ರಕ್ತ ಹೆಪ್ಪುಗಟ್ಟೋಕೆ ಶುರುವಾಗಿರುತ್ತೆ, ನೀವು ಬಟ್ಟೆ ಎತ್ತಿದ್ರೆ ಅದು ಕಿತ್ತು ಬರುತ್ತೆ. ಬಟ್ಟೆ ನೆನೆದ್ರೆ ಅದನ್ನ ತೆಗೀಬೇಡಿ. ಅದರ ಮೇಲೇ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಿ."

"ಮತ್ತೆ ನಮ್ಮ ಮರದ ಪುಡಿ?" ಅಂತ ಮರಗೆಲಸದವನು.

"ಮರದ ಪುಡಿ ಬಾಗಿಲಿಗೆ ಇರ್ಲಿ." ಎಲ್ಲರೂ ನಕ್ಕರು. "ಪುಡಿ, ಬೂದಿ, ಮಣ್ಣು, ಸೀಮೆಎಣ್ಣೆ ಯಾವುದೂ ಬೇಡ. ರಕ್ತ ನಿಲ್ಲಲ್ಲ, ಗಾಯ ಕೀವಾಗುತ್ತೆ. ರಕ್ತ ತುಂಬಾ ಹೋಗ್ತಿದ್ರೆ ಅವರನ್ನ ಮಲಗಿಸಿ. ಮೈ ತಣ್ಣಗಾಗದ ಹಾಗೆ ಏನಾದ್ರೂ ಹೊದಿಸಿ. ಬಾಯಿ ಒಣಗುತ್ತೆ ಅಂತ ನೀರು ಕೇಳ್ತಾರೆ, ಕೊಡಬೇಡಿ, ಆಪರೇಷನ್ ಬೇಕಾಗಬಹುದು. ಒಬ್ಬರು ಒತ್ತಿ ಹಿಡಿದಾಗಲೇ ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡ್ಬೇಕು. ಇನ್ನೊಬ್ಬರ ರಕ್ತ ಮುಟ್ಟುವಾಗ ಕೈಗವಸು ಇದ್ರೆ ಹಾಕ್ಕೊಳ್ಳಿ, ಇಲ್ದಿದ್ರೆ ಪ್ಲಾಸ್ಟಿಕ್ ಕವರಾದ್ರೂ ಸುತ್ಕೊಳ್ಳಿ."

ಬಿಗಿಯಾಗಿ ದಾರ ಕಟ್ಟುವುದರ ಬಗ್ಗೆ ನಾನು ಕೇಳಿದೆ. ನಮ್ಮಲ್ಲಿ ಹುರಿ, ತಂತಿ, ಸಿಕ್ಕಿದ್ದನ್ನು ಕಟ್ಟುತ್ತಾರಲ್ಲ. ಅವಳು ತಲೆಯಾಡಿಸಿದಳು. "ಸಣ್ಣದ್ದು ಕಟ್ಟಿದ್ರೆ ಮಾಂಸಕ್ಕೇ ಕೊಯ್ಯುತ್ತೆ. ಕೈಯೋ ಕಾಲೋ ಆಗಿದ್ದು, ಎಷ್ಟು ಒತ್ತಿದ್ರೂ ರಕ್ತ ಚಿಮ್ಮುತ್ತಲೇ ಇದೆ, ಪ್ರಾಣಕ್ಕೇ ಬಂತು ಅನ್ನಿಸಿದಾಗ ಮಾತ್ರ ಕೊನೇ ದಾರಿ ಅದು. ಅಂಗೈ ಅರ್ಧದಷ್ಟು ಅಗಲ ಇರೋ ಗಟ್ಟಿ ಪಟ್ಟಿ. ಗಾಯಕ್ಕಿಂತ ಸ್ವಲ್ಪ ಮೇಲೆ, ಮೊಣಕಾಲು ಮೊಣಕೈ ಬಿಟ್ಟು ಕಟ್ಟಿ, ಗಂಟಿಗೆ ಒಂದು ಕೋಲು ಸಿಕ್ಕಿಸಿ ರಕ್ತ ನಿಲ್ಲೋವರೆಗೂ ತಿರುಗಿಸಿ. ಕಟ್ಟಿದ ಹೊತ್ತು ನೆನಪಿಟ್ಟು ಆಸ್ಪತ್ರೆಯವರಿಗೆ ಹೇಳಿ. ನಡುವೆ ಸಡಿಲ ಮಾಡಬೇಡಿ, ಬಿಚ್ಚೋದು ಡಾಕ್ಟರ ಕೆಲಸ."

ಆಗ ಮುಂದಿನ ಸಾಲಿನಿಂದ ಹುಡುಗಿ ಎದ್ದು ನಿಂತಳು. ಶಾಲೆಯಲ್ಲಿ ನಿಲ್ಲುವ ಹಾಗೆ, ಎರಡೂ ಕೈ ಹಿಂದೆ ಕಟ್ಟಿಕೊಂಡು.

"ಗಾಜು ನಾಟಿಕೊಂಡು ಒಳಗೇ ನಿಂತಿದ್ರೆ?"

ಹೊಸಬಳಾದ ನರ್ಸಮ್ಮನಿಗೆ ಆ ಮನೆಯ ಕಥೆ ಏನು ಗೊತ್ತು? ಒಳ್ಳೇ ಪ್ರಶ್ನೆ ಬಂತು ಅಂತ ಖುಷಿಪಟ್ಟಳು. "ಜಾಣೆ ನೀನು. ಎಲ್ಲರೂ ಕೇಳಿಸ್ಕೊಳ್ಳಿ. ಮುಳ್ಳಿನಷ್ಟು ಸಣ್ಣ ಚೂರು ಚರ್ಮದಲ್ಲಿ ಸಿಕ್ಕಿದ್ರೆ ಚಿಮಟದಲ್ಲಿ ತೆಗೀಬಹುದು. ಆದ್ರೆ ಆಳವಾಗಿ ನಾಟಿದ್ದನ್ನ, ಗಾಜಾಗ್ಲಿ ಚಾಕುವಾಗ್ಲಿ ಕಂಬಿಯಾಗ್ಲಿ, ಕೀಳಲೇಬಾರ್ದು. ರಕ್ತನಾಳ ಕೊಯ್ದಿದ್ರೆ ಅದನ್ನ ಆ ಗಾಜೇ ಮುಚ್ಕೊಂಡು ನಿಂತಿರುತ್ತೆ, ಬಾಟಲಿಗೆ ಬಿರಡೆ ಹಾಕಿದ ಹಾಗೆ. ಕಿತ್ರೆ ಬಿರಡೆ ತೆಗೆದ ಹಾಗೇ. ಗಾಜನ್ನ ಮುಟ್ಟದೆ ಅದರ ಎರಡೂ ಪಕ್ಕ ಒತ್ತಿ. ಬಟ್ಟೆ ಸುರುಳಿ ಸುತ್ತಿ ಸುತ್ತಲೂ ಇಟ್ಟು, ಗಾಜು ಅಲ್ಲಾಡದ ಹಾಗೆ, ಗಾಜಿನ ಮೇಲೆ ಭಾರ ಬೀಳದ ಹಾಗೆ ಕಟ್ಟಿ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಕೋಣೆಯಲ್ಲಿ ನರ್ಸಮ್ಮ ಒಬ್ಬಳನ್ನು ಬಿಟ್ಟು ಎಲ್ಲರೂ ನೆಲ ನೋಡುತ್ತಿದ್ದರು. ಹುಡುಗಿ ಇನ್ನೂ ನಿಂತೇ ಇದ್ದಳು. ಆಗಲೇ ನನಗೆ ಗೊತ್ತಾಗಿದ್ದು, ಹಲಗೆಯ ಆಚೆ ಕಲ್ಲಿನ ಸದ್ದು ಇರಲಿಲ್ಲ. ಯಾವಾಗ ನಿಂತಿತೋ ದೇವರಿಗೇ ಗೊತ್ತು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಆ ಸಂಜೆ ಹಲಗೆಯ ಆಚೆಯಿಂದ ನನಗೂ ಕೇಳಿಸಿತು. ಕೇಳಬಾರದು ಅಂದರೂ ಕಿವಿ ಮುಚ್ಚಿಕೊಳ್ಳಲು ಆಗುತ್ತದೆಯೇ?

"ಚಿಕ್ಕಪ್ಪ, ಅಪ್ಪನ ಗಾಜು ಕಿತ್ತಿದ್ದು ನೀನಾ?"

ಅವನ ದನಿ ಬಂತು. "ಹೌದು ಮಗಾ. ನಾನೇ."

ಅತ್ತಿಗೆ ಅಲ್ಲೇ ಇದ್ದಳು, ಪಾತ್ರೆ ಇಡುವ ಸದ್ದು ಕೇಳಿಸಿತು. ಅವಳು ಬಾಯಿ ಬಿಡಲಿಲ್ಲ. ಏನಾದರೂ ಒಂದು ಮಾತು ಆಡೇ ತಾಯೀ, ಬೈಯಾದರೂ ಬೈ, ಅಂತ ಈ ಕಡೆ ನಾನು ಮನಸ್ಸಿನಲ್ಲೇ ಅನ್ನುತ್ತಿದ್ದೆ.

ಅವತ್ತಿನಿಂದ ಹುಡುಗಿ ಚಿಕ್ಕಪ್ಪನನ್ನು ಮಾತಾಡಿಸುವುದು ಬಿಟ್ಟಳು. ಅವನು ಊಟಕ್ಕೆ ಕೂತರೆ ಇವಳು ತಟ್ಟೆ ಹಿಡಿದು ಎದ್ದು ಹೋಗುತ್ತಿದ್ದಳು. ಚಿಕ್ಕಂದಿನಿಂದ ಹೆಗಲ ಮೇಲೆ ಹೊತ್ತು ಆಡಿಸಿದವನು ಅವನು. ಶಾಲೆಗೆ ಹೊರಟಾಗ ಅವಳ ಚೀಲ ಎತ್ತಿಕೊಡಲು ಹೋಗಿ, ಅವಳು ಕಿತ್ತುಕೊಂಡು ಹೋದಾಗ, ಅವನು ಚಾಚಿದ ಕೈ ಹಾಗೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದನ್ನು ನಾನು ಕಂಡಿದ್ದೇನೆ. ನನಗೆ ಅಳು ಬಂತು. ನಾನೇ ಕರೆದ ಪಾಠ ಆ ಮನೆಯನ್ನು ಎರಡು ಹೋಳು ಮಾಡಿತು ಅಂತ ನರ್ಸಮ್ಮನ ಮುಂದೆ ಹೇಳಿಕೊಂಡೆ. ಅವಳ ಮುಖ ಸಣ್ಣಗಾಯಿತು. "ಗೊತ್ತಿದ್ದಿದ್ರೆ ಬೇರೆ ಥರ ಹೇಳ್ತಿದ್ದೆ ಅಕ್ಕಾ. ಆದ್ರೆ ಹೇಳದೇ ಇರ್ತಿರಲಿಲ್ಲ" ಅಂದಳು. ಅವಳ ಮಾತೂ ಸರಿಯೇ.

ಚಿಕ್ಕಗಾಜು ಅಂಗಡಿ ಮುಚ್ಚಿ ಬೇರೆ ಊರಿಗೆ ಕೂಲಿಗೆ ಹೋಗುತ್ತಾನಂತೆ ಅನ್ನುವ ಸುದ್ದಿ ಹಬ್ಬಿತು. ಅವನು ಹೋದರೆ ಅತ್ತಿಗೆ ಒಬ್ಬಳೇ ಅಂಗಡಿ ನಡೆಸಲು ಆಗುವುದಿಲ್ಲ. ಅತ್ತಿಗೆ ಬೇಡ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿಕೊಟ್ಟು ಹೊರಡುತ್ತೇನೆ ಅಂತ ಅವನು ನನ್ನ ಹತ್ತಿರ ಹೇಳಿದ.

ಆ ಒಪ್ಪಿಕೊಂಡ ಕೆಲಸದಲ್ಲಿ ಒಂದು ಕ್ಷೌರದಂಗಡಿಯ ಉದ್ದನೆಯ ಕನ್ನಡಿಯೂ ಇತ್ತು.

ಹುಡುಗಿ ಶಾಲೆಗೆ ಹೋಗಿದ್ದಳು. ನಾನು ಕಾಜ ಹೊಲಿಯುತ್ತಿದ್ದೆ. ಪಕ್ಕದಲ್ಲಿ ಮೊದಲು ಏನೋ ಜಾರಿದ ಸದ್ದು, ಆಮೇಲೆ ಒಡೆದ ಸದ್ದು, ಆಮೇಲೆ ಅತ್ತಿಗೆಯ ಚೀರು. ಕೈಯಲ್ಲಿದ್ದದ್ದನ್ನು ಬಿಸಾಡಿ ಓಡಿದೆ. ಕನ್ನಡಿ ಕಟ್ಟಿನಿಂದ ಜಾರಿ ಒಡೆದಿತ್ತು. ಅತ್ತಿಗೆ ನೆಲದ ಮೇಲೆ ಕೂತಿದ್ದಳು, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು. ಮೊಣಕೈಗಿಂತ ಕೆಳಗೆ, ಒಳಭಾಗದಲ್ಲಿ, ಕನ್ನಡಿಯ ಚೂರು ನಾಟಿತ್ತು. ಅದರ ಬುಡದಿಂದ ರಕ್ತ ಇಳಿದು ಮಡಿಲಿಗೆ ಸುರಿಯುತ್ತಿತ್ತು. ಹೊರಗೆ ಉಳಿದಿದ್ದ ಭಾಗದಲ್ಲಿ ಛಾವಣಿಯ ಬೆಳಕು ಹೊಳೆಯುತ್ತಿತ್ತು.

"ಕೀಳೋ!" ಅಂತ ಅವಳು ಮೈದುನನನ್ನು ನೋಡಿ ಕೂಗಿದಳು. "ತಡ್ಕೊಳ್ಳೋಕಾಗ್ತಿಲ್ಲ, ಕೀಳೋ ಬೇಗ!"

ಚಿಕ್ಕಗಾಜುವಿನ ಕೈ ಆಗಲೇ ಗೋಡೆಯ ಮೇಲಿತ್ತು. ಚಿಮಟ ಅವನ ಬೆರಳಿಗೆ ಬಂದುಬಿಟ್ಟಿತ್ತು. ಅವನು ಹಿಡಿದಿದ್ದಲ್ಲ, ಆ ಕೈಗೆ ಅದೇ ಅಭ್ಯಾಸ. ಅವನ ಮುಖ ಸುಣ್ಣದ ಹಾಗಾಗಿತ್ತು. ಒಂದು ಗಳಿಗೆ ಅವನು ಆ ಗಾಜನ್ನೇ ನೋಡುತ್ತ ನಿಂತ. ಆಮೇಲೆ ಚಿಮಟವನ್ನು ಬೀಸಿ ಒಗೆದ. ಅದು ಎಲ್ಲೋ ಮೂಲೆಗೆ ಹೋಗಿ ಬಿತ್ತು.

"ಕೀಳಲ್ಲ ಅತ್ತಿಗೆ."

"ಕೀಳೋ, ನಿನ್ನ ಕಾಲಿಗೆ ಬೀಳ್ತೀನಿ!"

"ಎಷ್ಟು ಬೈದ್ರೂ ಕೀಳಲ್ಲ. ಮಲಕ್ಕೊಳ್ಳಿ ನೀವು." ಅವಳನ್ನು ಮೆಲ್ಲಗೆ ನೆಲಕ್ಕೆ ಒರಗಿಸಿದ. "ಅಕ್ಕಾ, ಬಟ್ಟೆ! ಒಗೆದಿರೋದು ತನ್ನಿ, ತುಂಬಾ ತನ್ನಿ. ಫೋನ್ ಮಾಡಿ ಆಂಬುಲೆನ್ಸ್‌ಗೆ!"

ಅಣ್ಣ ಹೋದ ಮೇಲೆ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಓಡಿ ಹೋಗಿ, ತಲೆದಿಂಬಿನ ಚೀಲಕ್ಕೆಂದು ಒಗೆದು ಮಡಿಚಿಟ್ಟಿದ್ದ ಬಿಳಿ ಬಟ್ಟೆಯನ್ನೆಲ್ಲ ಬಾಚಿಕೊಂಡು, ಫೋನ್ ಕಿವಿಗೆ ಸಿಕ್ಕಿಸಿಕೊಂಡೇ ಬಂದೆ. ಅವನು ಎರಡೂ ಅಂಗೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಗಾಜಿನ ಆ ಪಕ್ಕ ಒಂದು, ಈ ಪಕ್ಕ ಒಂದು ಬಟ್ಟೆ ಇಟ್ಟು ಒತ್ತಿದ. ಗಾಜಿಗೆ ಬೆರಳು ತಾಗಿಸಲಿಲ್ಲ. ಬಟ್ಟೆ ಕೆಂಪಾಯಿತು. ತೆಗೆಯಲು ನನ್ನ ಕೈ ಮುಂದೆ ಹೋಯಿತು, ಪಾಠಕ್ಕೆ ಜನ ಸೇರಿಸಿದವಳು ನಾನು ನೋಡಿ! "ತೆಗೀಬೇಡಿ ಅಕ್ಕಾ, ಮೇಲೇ ಇಡಿ" ಅಂತ ಗದರಿದ. ಮೇಲೇ ಇಟ್ಟೆ. ಇನ್ನೂ ಬಲವಾಗಿ ಒತ್ತಿದ. ಅತ್ತಿಗೆ ನೋವಿಗೆ ಅವನ ಅಂಗಿ ಹಿಡಿದು ಎಳೆಯುತ್ತಿದ್ದಳು, ಬೈಯುತ್ತಿದ್ದಳು. ಆಮೇಲೆ ಬೈಗುಳ ಕಡಿಮೆಯಾಯಿತು, ನೀರು ಅಂದಳು. ಅವನು ತಲೆ ಅಡ್ಡ ಆಡಿಸಿದ. ನಾನು ನನ್ನ ಚಾದರ ತಂದು ಅವಳಿಗೆ ಹೊದಿಸಿದೆ. ಉಳಿದ ಬಟ್ಟೆಯನ್ನು ಸುರುಳಿ ಸುತ್ತಿ ಗಾಜಿನ ಸುತ್ತ ಗೋಡೆ ಕಟ್ಟಿದ ಹಾಗೆ ಇಟ್ಟು, ಅದರ ಮೇಲಿಂದ ಪಟ್ಟಿ ಕಟ್ಟಿದೆವು. ನಿಂತಿತೋ ಇಲ್ಲವೋ ಅಂತ ಅವನು ಒಂದು ಸಲವೂ ಎತ್ತಿ ನೋಡಲಿಲ್ಲ. ಕಟ್ಟಿದ ಮೇಲೂ ಎರಡೂ ಪಕ್ಕ ಒತ್ತಿದ ಕೈ ಬಿಡಲಿಲ್ಲ. ಆಂಬುಲೆನ್ಸಿನೊಳಗೂ ಹಾಗೇ ಒತ್ತಿ ಹಿಡಿದುಕೊಂಡೇ ಹತ್ತಿದ.

ಆಸ್ಪತ್ರೆಯಲ್ಲಿ ಅತ್ತಿಗೆಯನ್ನು ಒಳಗೆ ಕರೆದೊಯ್ದರು. ಹುಡುಗಿಯನ್ನು ಶಾಲೆಯಿಂದ ನಾನೇ ಕರೆದುಕೊಂಡು ಬಂದೆ. ಅವಳು ಬೆಂಚಿನ ಈ ತುದಿಯಲ್ಲಿ, ಚಿಕ್ಕಪ್ಪ ಆ ತುದಿಯಲ್ಲಿ. ಅವನ ಅಂಗಿಯ ತುಂಬಾ ಅವಳಮ್ಮನ ರಕ್ತ. ಸುದ್ದಿ ಕೇಳಿ ನರ್ಸಮ್ಮನೂ ಬಂದಳು. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು.

"ಗಾಜು ಕೀಳದೆ ಹಾಗೇ ಕರ್ಕೊಂಡು ಬಂದೋರು ಯಾರು?"

ಚಿಕ್ಕಗಾಜು ಎದ್ದು ನಿಂತ, ತಪ್ಪು ಮಾಡಿದವನ ಹಾಗೆ.

"ಒಳ್ಳೇ ಕೆಲಸ ಮಾಡಿದ್ರಿ. ರಕ್ತನಾಳ ಕೊಯ್ದಿತ್ತು, ಹೊಲಿದಿದ್ದೀವಿ. ದಾರೀಲಿ ಕಿತ್ತಿದ್ರೆ ಕಷ್ಟ ಆಗ್ತಿತ್ತು. ಪ್ರಾಣಕ್ಕೆ ಭಯ ಇಲ್ಲ."

ಡಾಕ್ಟರು ಹೋದ ಮೇಲೆ ಚಿಕ್ಕಗಾಜು ನರ್ಸಮ್ಮನ ಕಡೆ ತಿರುಗಿದ. ಒಂದು ವರ್ಷದಿಂದ ಯಾರನ್ನೂ ಕೇಳದೇ ಇದ್ದದ್ದನ್ನು ಕೇಳಿದ.

"ಸಿಸ್ಟರ್, ನಮ್ಮಣ್ಣನದೂ ಕೀಳದೇ ಇದ್ದಿದ್ರೆ ಬದುಕ್ತಿದ್ನಾ?"

ನರ್ಸಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಖಂಡಿತ ಅಂತ ಯಾರೂ ಹೇಳೋಕಾಗಲ್ಲ ಅಣ್ಣಾ. ತೊಡೆಯಲ್ಲಿರೋದು ದೊಡ್ಡ ರಕ್ತನಾಳ. ಆದ್ರೆ ಕೀಳದೆ ಒತ್ತಿ ಹಿಡಿದಿದ್ರೆ ಆಸ್ಪತ್ರೆವರೆಗಾದ್ರೂ ಬರೋ ಸಾಧ್ಯತೆ ಜಾಸ್ತಿ ಇತ್ತು" ಅಂದಳು.

ಅವನು ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ದೊಡ್ಡ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ಹುಡುಗಿ ಕದಲಲಿಲ್ಲ. ಅತ್ತಿಗೆಯ ಜೀವ ಉಳಿದ ಸಂತೋಷ ಅಲ್ಲಿ ಯಾರ ಮುಖದಲ್ಲೂ ಇರಲಿಲ್ಲ. ಅವಳನ್ನು ಉಳಿಸಿದ ಕೈಯೇ ಅಣ್ಣನನ್ನು ಕಳೆಯಿತು ಅಂತ ಅವತ್ತು ಎಲ್ಲರಿಗೂ ಖಚಿತವಾಯಿತು.

ಅತ್ತಿಗೆಗೆ ಮಾತಾಡುವಷ್ಟು ಶಕ್ತಿ ಬಂದ ಮೇಲೆ ನಮ್ಮನ್ನು ಒಳಗೆ ಬಿಟ್ಟರು. ಮಗಳು ಅಮ್ಮನ ಹಾಸಿಗೆಗೆ ಅಂಟಿಕೊಂಡಳು. ಚಿಕ್ಕಗಾಜು ಬಾಗಿಲಲ್ಲೇ ನಿಂತ.

"ಒಳಗೆ ಬಾರೋ" ಅಂದಳು ಅತ್ತಿಗೆ. ಅವನು ಬರಲಿಲ್ಲ. ಅವಳು ಮಗಳ ಕೈ ಹಿಡಿದುಕೊಂಡಳು.

"ನಿನಗೆ ಒಂದು ಮಾತು ಹೇಳಿಲ್ಲ ಮಗಳೇ. ಆವತ್ತು ಚಿಕ್ಕಪ್ಪ ಬೇಡ ಬೇಡ ಅಂತಿದ್ದ. ಆಸ್ಪತ್ರೆಗೆ ಹೋಗೋಣ, ಅವರೇ ತೆಗೀಲಿ ಅಂತಿದ್ದ. ಕೀಳು ಅಂತ ಕೂಗಿದ್ದು ನಿಮ್ಮಪ್ಪ. ಗಾಜು ಒಳಗಿದ್ರೆ ಹರಿದುಕೊಂಡು ಹೋಗುತ್ತೆ, ಕೀಳೋ, ಅಣ್ಣ ಹೇಳ್ತಿದ್ದೀನಿ ಕೀಳೋ, ಅಂತ. ನಾನೂ ಅಂದೆ. ಅವರ ತಲೆ ನನ್ನ ತೊಡೆ ಮೇಲಿತ್ತು. ಅವರು ಒದ್ದಾಡೋದು ನೋಡೋಕಾಗದೆ ನಾನೂ ಕೀಳು ಅಂದೆ."

"ಯಾಕಮ್ಮ ಹೇಳಲಿಲ್ಲ?" ಹುಡುಗಿಯ ದನಿ ಕೇಳಿಸದಷ್ಟು ಸಣ್ಣಗಿತ್ತು.

"ಹೇಗೆ ಹೇಳ್ಲಿ? ಹೇಳಿದ್ರೆ ನಾನೂ ಕೊಂದ ಹಾಗೆ ಆಗುತ್ತಲ್ಲ ಅಂತ ಬಾಯಿ ಕಟ್ಟಿಹೋಯ್ತು. ಅವನೊಬ್ಬನೇ ಹೊರಲಿ ಅಂತ ಬಿಟ್ಟೆ." ಅವಳ ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು, ಒಂದು ಕೈಗೆ ಕಟ್ಟು, ಇನ್ನೊಂದರಲ್ಲಿ ಮಗಳ ಕೈ, ಒರೆಸಿಕೊಳ್ಳಲು ಆಗಲಿಲ್ಲ. "ಇವತ್ತೂ ಅದೇ ಕೂಗಿದೆ ನೋಡು. ಪಾಠ ಕೇಳಿ, ನಿಮ್ಮಪ್ಪನ್ನ ಕಳ್ಕೊಂಡು, ಇಷ್ಟಾದ ಮೇಲೂ ನೋವು ಬಂದಾಗ ನನ್ನ ಬಾಯಿಗೆ ಬಂದಿದ್ದು ಕೀಳು ಅನ್ನೋದೇ. ಅವನು ಕೇಳಲಿಲ್ಲ. ಅದಕ್ಕೇ ಇದ್ದೀನಿ."

ಹುಡುಗಿ ಎದ್ದು ಬಾಗಿಲಿಗೆ ಹೋದಳು. ರಕ್ತ ಒಣಗಿದ ಚಿಕ್ಕಪ್ಪನ ತೋಳು ಹಿಡಿದುಕೊಂಡಳು. ಅವನು ಅವಳ ತಲೆಯ ಮೇಲೆ ಕೈಯಿಡಲು ಹೋಗಿ, ಕೈ ಕೊಳೆಯಾಗಿದೆ ಅಂತ ಹಿಂದೆಗೆದ. ಅವಳೇ ಆ ಕೈ ಎಳೆದು ತಲೆಯ ಮೇಲೆ ಇಟ್ಟುಕೊಂಡಳು.

ಇಷ್ಟಾಗಿ ಎಲ್ಲವೂ ಸರಿಹೋಯಿತು ಅಂತ ನಾನು ಹೇಳಲಾರೆ. ಅತ್ತಿಗೆಯ ಬಲಗೈಯ ಎರಡು ಬೆರಳಿಗೆ ಇನ್ನೂ ಸರಿಯಾಗಿ ಹಿಡಿತವಿಲ್ಲ. ಆ ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾದದ್ದು ಕಡಿಮೆಯೇ. ಚಿಕ್ಕಗಾಜು ಊರು ಬಿಡಲಿಲ್ಲ, ಅದೇ ಮೇಜಿನಲ್ಲಿ ಗಾಜು ಕತ್ತರಿಸುತ್ತಾನೆ. ಚಿಮಟವನ್ನು ಹುಡುಕಿ ತಂದು ಅದೇ ಮೊಳೆಗೆ ನೇತುಹಾಕಿದ್ದಾನೆ. ಸಣ್ಣ ಚೂರಿಗೆ ಅದು ಬೇಕು. ಅದರ ಪಕ್ಕದಲ್ಲಿ ಈಗ ಒಂದು ಡಬ್ಬ ಇದೆ. ಒಳಗೆ ನಾನು ಒಗೆದು ಇಸ್ತ್ರಿ ಮಾಡಿ ಮಡಿಚಿಟ್ಟ ಹತ್ತಿ ಬಟ್ಟೆ, ಅಗಲವಾದ ಪಟ್ಟಿಗಳು, ಕೈಗವಸು. ಡಬ್ಬದ ಮುಚ್ಚಳದ ಮೇಲೆ ಹುಡುಗಿ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: "ನಾಟಿದ್ದನ್ನು ಕೀಳಬೇಡ. ಸುತ್ತ ಒತ್ತು. ಯಾರು ಕೂಗಿದರೂ ಕೀಳಬೇಡ." ಮರಗೆಲಸದವನೂ ತಗಡಿನವನೂ ನನ್ನಿಂದ ಅಂಥದ್ದೇ ಡಬ್ಬ ತುಂಬಿಸಿಕೊಂಡು ಹೋದರು.

ಕೇಳುತ್ತಾ ಕೂತಿರುವ ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬ ಇರಲಿ. ಆಂಬುಲೆನ್ಸಿನ ನಂಬರು ಗೋಡೆಯ ಮೇಲೆ, ಎಲ್ಲರಿಗೂ ಕಾಣುವ ಕಡೆ ಬರೆದಿಡಿ. ರಕ್ತ ಹರಿದರೆ ಶುದ್ಧವಾದ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಿರಿ, ಎತ್ತಿ ನೋಡಬೇಡಿ, ನೆನೆದರೆ ಮೇಲೆ ಇನ್ನೊಂದು ಇಡಿ, ಪುಡಿ ಹಚ್ಚಬೇಡಿ, ಮಲಗಿಸಿ ಹೊದಿಸಿ, ಕುಡಿಯಲು ಕೊಡಬೇಡಿ. ಆಳವಾಗಿ ನಾಟಿದ್ದನ್ನು ಮಾತ್ರ ಕೀಳಲೇಬೇಡಿ. ನಿಮ್ಮವರು ನಿಮ್ಮನ್ನು ಬೈಯುತ್ತಾರೆ, ಕಾಲು ಹಿಡಿಯುತ್ತಾರೆ, ಆಣೆ ಹಾಕುತ್ತಾರೆ. ಅವರ ಮೇಲೆ ಎಷ್ಟು ಪ್ರೀತಿಯಿದೆಯೋ ಅಷ್ಟು ಬೇಗ ನಿಮ್ಮ ಕೈ ಮುಂದೆ ಹೋಗುತ್ತದೆ. ಆಗ ಈ ಕಥೆ ನೆನಪು ಮಾಡಿಕೊಳ್ಳಿ.

ನಾನು ಸಂಘದಲ್ಲಿ ಇದನ್ನು ಹೇಳುವಾಗಲೆಲ್ಲ ಹಲಗೆಯ ಆಚೆ ಕಲ್ಲಿನ ಸದ್ದು ನಿಲ್ಲುತ್ತದೆ. ಈಗಲೂ ನಿಂತಿದೆ. ಅವನು ಕೇಳಿಸಿಕೊಳ್ಳುತ್ತಿದ್ದಾನೆ. ಅವನಿಗೆ ಇದನ್ನು ಒಂದು ವರ್ಷ ಮೊದಲು ಯಾರೂ ಹೇಳಲಿಲ್ಲ. ನಿಮಗೆ ಇವತ್ತು ಹೇಳಿದ್ದೇನೆ.